ಮೂರು ಸಲ ಕಾಯಿಸಿದ ನೀರು

ಅಕ್ಷಯಾ ಬಕೆಟ್ಟಿಗೆ ಕೈ ಅದ್ದಿ ನೋಡಿದಳು. ನೀರು ಮತ್ತೆ ಆರಿಹೋಗಿತ್ತು. ವಾಚ್‌ಮನ್ ಕೋಣೆಯ ಪ್ಲಗ್ಗಿಗೆ ಕಾಯಿಲ್ ಸಿಕ್ಕಿಸಿ ಎರಡು ಸಲ ಕಾಯಿಸಿ ತಂದಿಟ್ಟದ್ದಾಯಿತು. ಎರಡು ಸಲವೂ ಒಬ್ಬರಾದರೂ ಚೊಂಬು ಹಿಡಿಯಲಿಲ್ಲ.

ವಿಶಾಖಪಟ್ಟಣದ ಸೀತಮ್ಮಧಾರ ಬಡಾವಣೆಯ ಆ ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ, ಎರಡು ಕಾರುಗಳ ನಡುವೆ ಹಳೆಯ ಸೀರೆಗಳ ಮರೆ ಕಟ್ಟಿ, ಒಳಗೊಂದು ಎತ್ತರದ ಬೆಂಚಿನ ಮೇಲೆ ಅವಳ ಅಮ್ಮ ಅನ್ನಪೂರ್ಣಮ್ಮನನ್ನು ಮಲಗಿಸಿದ್ದರು. ಬೆಳಗ್ಗೆ ಕಾಫಿ ಸೋಸುತ್ತಿದ್ದಾಗಲೇ ಹೃದಯ ನಿಂತು ಹೋದ ಜೀವ. ಮುತ್ತೈದೆಯಾಗಿ ಹೋದವಳಿಗೆ ಮುತ್ತೈದೆಯರೇ ಎಣ್ಣೆ ಅರಿಸಿನ ಹಚ್ಚಿ ಕೊನೆಯ ಸ್ನಾನ ಮಾಡಿಸಬೇಕು. ಮರೆಯ ಹೊರಗೆ ಮುತ್ತೈದೆಯರಿಗೇನೂ ಬರವಿರಲಿಲ್ಲ. ವಿಶಾಖಾ ಕನ್ನಡ ಬಳಗದ ಹನ್ನೊಂದು ಮಂದಿ, ಬ್ಯಾಂಕಿನವರ ಹೆಂಡಂದಿರು, ಬಂದರಿನ ಆಫೀಸಿನವರ ಹೆಂಡಂದಿರು, ಸೆರಗನ್ನು ಮೂಗಿಗೆ ಹಿಡಿದು ನಿಂತಿದ್ದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಕಾರಣ ಎಲ್ಲರಿಗೂ ಗೊತ್ತು. ಅನ್ನಪೂರ್ಣಮ್ಮನಿಗೆ ತೊನ್ನು. ಮೂವತ್ತು ವರ್ಷದ ಹಿಂದೆ ಬೆರಳ ತುದಿಯಲ್ಲಿ ಶುರುವಾದ ಬಿಳುಪು ಈಗ ಕೈ, ಕುತ್ತಿಗೆ, ಅರ್ಧ ಮುಖದವರೆಗೆ ಹಬ್ಬಿತ್ತು. ಅದು ಅಂಟುವ ರೋಗವಲ್ಲ ಎಂಬುದೂ ಎಲ್ಲರಿಗೂ ಗೊತ್ತು. ಆ ಹನ್ನೊಂದರಲ್ಲಿ ಇಬ್ಬರು ಆಸ್ಪತ್ರೆಯಲ್ಲೇ ಕೆಲಸ ಮಾಡುವವರು. ಆದರೆ ತಲೆಗೆ ಗೊತ್ತಿದ್ದದ್ದು ಕೈಗೆ ಗೊತ್ತಾಗಿರಲಿಲ್ಲ.

"ನಾನು ಮಾಡತಿದ್ದೆನವಾ," ಎಂದರು ಶಾರದಾ. ಬಳಗದ ಅಧ್ಯಕ್ಷ ಧನಂಜಯರ ಹೆಂಡತಿ, ಧಾರವಾಡದ ಕಡೆಯವರು. "ನನ್ನ ಮಣಕಾಲು ನೋವು ನಿನಗ ಗೊತ್ತದಲ್ಲಾ. ಬಗ್ಗಲಿಕ್ಕೇ ಆಗೂದಿಲ್ಲ."

"ಬಗ್ಗೋದೇನೂ ಬೇಡ ಆಂಟಿ. ಬೆಂಚು ಎತ್ತರ ಇದೆ. ನಿಂತ್ಕೊಂಡೇ ಹಚ್ಬಹುದು."

"ಹಂಗಲ್ಲವಾ, ನಮ್ಮ ಮನ್ಯಾಗ ಈ ತಿಂಗಳು ಒಂದು ಪೂಜಾ ಹಿಡದೇವಿ. ನಡುವ ಮೈಲಿಗಿ ಆದ್ರ ಮತ್ತ ಮೊದಲಿಂದ ಹಿಡೀಬೇಕು."

"ಹಾಗಾದ್ರೆ ನಾನೊಬ್ಳೇ ಮಾಡಿಸ್ತೀನಿ."

"ಲಗ್ನ ಆಗದಾಕಿ ನೀನು. ನೀ ಹೆಂಗ ಮಾಡಸ್ತಿ? ಮುತ್ತೈದೇರs ಆಗಬೇಕದು."

ಮಾಡುವುದೂ ಇಲ್ಲ, ಮಾಡಗೊಡುವುದೂ ಇಲ್ಲ. ಅಮ್ಮನನ್ನು ಯಾರಾದರೂ ಕೈಯಿಂದ ಮುಟ್ಟಿ, ಮೈಗೆ ಎಣ್ಣೆ ತಿಕ್ಕಿ, ಅವಳದೇ ಮುಖದಲ್ಲಿ ಕಳಿಸಿಕೊಡಬೇಕು. ಇವತ್ತು ಅಕ್ಷಯಾಗೆ ಬೇಕಾಗಿದ್ದದ್ದು ಅಷ್ಟೇ. ಅವಳು ಕಂಬಕ್ಕೊರಗಿ ನಿಂತಿದ್ದ ಅಪ್ಪನ ಹತ್ತಿರ ಹೋದಳು.

"ಅಪ್ಪಾ, ನೀವಾದ್ರೂ ಹೇಳಿ."

ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದ ನಟರಾಜ ಕನ್ನಡಕ ತೆಗೆದು ಒರೆಸಿದರು. "ಇಷ್ಟ ಇಲ್ದೋರನ್ನ ಬಲವಂತ ಮಾಡೋದು ಹೇಗೆ ಮಗಾ? ನೋಡೋಣ. ಏನಾದ್ರೂ ದಾರಿ ಇರುತ್ತೆ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಈ ಒಂದು ನೀತಿಯಲ್ಲೇ ಅವರು ಮೂವತ್ತೈದು ವರ್ಷ ನೌಕರಿ ಮಾಡಿ, ಹೋದ ಊರಿನಲ್ಲೆಲ್ಲ ಒಳ್ಳೆಯವರು ಎನಿಸಿಕೊಂಡಿದ್ದರು.

ಅಷ್ಟರಲ್ಲಿ ಧನಂಜಯ ಕಾರಿನಿಂದಿಳಿದರು. ಕೈಯಲ್ಲಿ ಗಂಧದ ಹಾರ ಹಾಕಿದ ದೊಡ್ಡ ಫೋಟೋ. "ನೋಡ್ರಿ ನಟರಾಜ್, ಎರಡ ತಾಸಿನ್ಯಾಗ ಫ್ರೇಮ್ ಹಾಕಿಸಿ ತಂದೇವಿ. ಫಸ್ಟ್ ಕ್ಲಾಸ್ ಆಗೇದ."

ಫೋಟೋದಲ್ಲಿದ್ದ ಹೆಂಗಸಿನ ಮುಖ ಒಂದೇ ಬಣ್ಣದ ಗೋಧಿ ಮೈಯದು. ಕೆನ್ನೆಯಲ್ಲಿ ಗುಲಾಬಿ. ಅಕ್ಷಯಾಗೆ ಗುರುತು ಹತ್ತಲಿಲ್ಲ.

"ಇದು ಯಾರು ಅಂಕಲ್?"

"ಯಾರು ಅಂದ್ರ? ನಿಮ್ಮಮ್ಮನs ಅಲ್ಲೇನವಾ. ಸ್ಟುಡಿಯೋದವಗ ಹೇಳಿ ಎಲ್ಲಾ ಕ್ಲೀನ್ ಮಾಡಿಸೇವಿ."

ಕ್ಲೀನ್! ಅಕ್ಷಯಾ ಅಪ್ಪನ ಕಡೆ ನೋಡಿದಳು, ಈಗಲಾದರೂ ಬೈದಾರು ಎಂದು. ನಟರಾಜರ ಕಣ್ಣಲ್ಲಿ ನೀರು ತುಂಬಿತ್ತು. ಫೋಟೋದ ಕೆನ್ನೆಯ ಮೇಲೆ ಬೆರಳಾಡಿಸಿ, "ಮದುವೇಲಿ ಹೀಗೇ ಇದ್ಲು," ಎಂದರು. ಬೆಳಗಿನಿಂದ ಅವರು ಹೆಂಡತಿಯ ಮೈಗೆ ಒಂದು ಬೆರಳೂ ಸೋಕಿಸಿರಲಿಲ್ಲ. ಅಕ್ಷಯಾ ಅಲ್ಲಿ ನಿಲ್ಲಲಾರದೆ ಕಾಯಿಲ್ ಹುಡುಕಿಕೊಂಡು ಹೋದಳು.

*

ನಟರಾಜರಿಗೆ ವಿಜಯವಾಡದಿಂದ ಇಬ್ರಾಹಿಂಪಟ್ನಂ ಶಾಖೆಗೆ ವರ್ಗವಾದಾಗ ಅಕ್ಷಯಾಗೆ ಐದು ವರ್ಷ. ವಿದ್ಯುತ್ ಸ್ಥಾವರದ ಬೂದಿ ಒಣಗಿಸಿದ ಬಟ್ಟೆಯ ಮೇಲೆಲ್ಲ ಕೂರುವ ಬಾಡಿಗೆ ಮನೆ. ಅನ್ನಪೂರ್ಣಮ್ಮನಿಗೆ ಬಿಳುಪು ಕಾಣಿಸಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು. ಆ ನಾಲ್ಕು ವರ್ಷದಲ್ಲಿ ಅವಳು ಮನೆಯ ಹೊಸಿಲು ದಾಟಿದ್ದು ಬೆರಳೆಣಿಕೆಯಷ್ಟು ಸಲ. ವಿಜಯವಾಡದಲ್ಲಿ ಅರಿಸಿನ ಕುಂಕುಮಕ್ಕೆ ಹೋದಲ್ಲಿ ಒಬ್ಬಾಕೆ ಕುಂಕುಮವನ್ನು ಒಂದು ಗೇಣು ಮೇಲಿನಿಂದ ಅವಳ ಅಂಗೈಗೆ ಉದುರಿಸಿದ್ದೇ ಕೊನೆ. ಬ್ಯಾಂಕಿನವರ ಮನೆಯ ಸಮಾರಂಭಗಳಿಗೆ ನಟರಾಜ ಒಬ್ಬರೇ ಹೋಗುತ್ತಿದ್ದರು. "ತಲೆನೋವು ಅಂತ ಹೇಳಿಬಿಡ್ತೀನಿ," ಎನ್ನುತ್ತಿದ್ದರು. ಗೊರಕೆಯ ನೆಪ ಹೇಳಿ ಮಂಚವನ್ನೂ ನಡುಮನೆಗೆ ಹಾಕಿಕೊಂಡಿದ್ದರು. ಒಮ್ಮೆಯೂ ಗಟ್ಟಿ ದನಿಯಲ್ಲಿ ಮಾತಾಡಿದವರಲ್ಲ.

ಒಂದು ದಿನ ಅಕ್ಷಯಾಳ ಮರದ ಗೊಂಬೆಯ ಕೈ ಮುರಿಯಿತು. ಹುಡುಗಿ ಅನ್ನ ಬಿಟ್ಟು ಅತ್ತಳು. ಅಪ್ಪ ಆಡಿಟ್ಟೆಂದು ಬೇರೆ ಊರಿಗೆ ಹೋಗಿದ್ದರು. ವಿಧಿಯಿಲ್ಲದೆ ಅನ್ನಪೂರ್ಣಮ್ಮ ತುಂಬುತೋಳಿನ ರವಿಕೆ ತೊಟ್ಟು, ಸೆರಗು ಹೊದ್ದು, ಮಗಳನ್ನು ಕರೆದುಕೊಂಡು ಆಟೋದಲ್ಲಿ ಪಕ್ಕದ ಕೊಂಡಪಲ್ಲಿಗೆ ಹೋದಳು. ಗೊಂಬೆ ಮಾಡುವವರ ಬೀದಿಯಲ್ಲಿ, ಜಗಲಿಯ ಮೇಲೆ ಕೂತಿದ್ದ ಸಾಯಿಲಕ್ಷ್ಮಿ ಎಂಬ ಮುದುಕಿ ಗೊಂಬೆಯನ್ನು ಇಸಕೊಂಡಳು. ಹುಣಸೆಬೀಜದ ಅಂಟಿಗೆ ಮರದ ಹೊಟ್ಟು ಕಲಸಿ ಕೈ ಜೋಡಿಸಿ, ಮೇಲೆ ಸುಣ್ಣ ಬಳಿದು ಬಿಸಿಲಿಗಿಟ್ಟಳು. ಒಣಗಿದ ಮೇಲೆ, "ಬಣ್ಣ ನೀನೇ ಹಚ್ಚಮ್ಮ, ನನ್ನ ಕಣ್ಣು ಮಂಜು," ಎಂದಳು ತೆಲುಗಿನಲ್ಲಿ.

ಅನ್ನಪೂರ್ಣಮ್ಮ ಕೈಯನ್ನು ಸೆರಗಿನೊಳಗಿಂದ ತೆಗೆಯಲಿಲ್ಲ. ಮುದುಕಿಯೇ ಕೈ ಹಾಕಿ ಅವಳ ಕೈಯನ್ನು ಹೊರಗೆಳೆದಳು. ಬಿಳಿಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮೇಕೆ ಕೂದಲ ಬ್ರಷ್ ಹಿಡಿಸಿದಳು. ಆಮೇಲೆ ಅವುಗಳನ್ನು ದಿಟ್ಟಿಸಿ ನೋಡಿ, ಬೊಚ್ಚುಬಾಯಿ ತೆರೆದು ನಕ್ಕಳು. "ನನ್ನ ಅರ್ಧ ಕೆಲಸ ನೀನೇ ಮಾಡಿಕೊಂಡು ಬಂದಿದೀಯ. ಸುಣ್ಣ ಆಗಲೇ ಹಚ್ಚಿದೆ!"

ಅನ್ನಪೂರ್ಣಮ್ಮ ಮೊದಲು ಬೆಚ್ಚಿದಳು. ಆಮೇಲೆ ಅವಳಿಗೂ ನಗು ಬಂತು. ಮಗಳನ್ನು ಬಿಟ್ಟರೆ ಬೇರೆಯವರು ಅವಳ ಕೈ ಹಿಡಿದು ನಾಲ್ಕು ವರ್ಷವಾಗಿತ್ತು. ವಾಪಸು ಬರುವಾಗ ಆಟೋದಲ್ಲಿ ಅವಳು ಅಳುತ್ತಿದ್ದಳು. ಅಕ್ಷಯಾಗೆ ನೆನಪಿರುವುದು ಮಾತ್ರ ಜಗಲಿಯ ಮೇಲಿನ ನಗು. ಆಮೇಲೆ ಎರಡು ವರ್ಷ, ಮಗಳನ್ನು ಶಾಲೆಗೆ ಬಿಟ್ಟು ಅವಳು ದಿನಾ ಕೊಂಡಪಲ್ಲಿಗೆ ಹೋದಳು. ಬಣ್ಣ ಹಚ್ಚುವುದನ್ನು ಕಲಿತಳು. ತರಕಾರಿ ಅಂಗಡಿಯಲ್ಲಿ ಸೆರಗಿನಿಂದ ಕೈ ಹೊರತೆಗೆದು ಬದನೆಕಾಯಿ ಆರಿಸುವುದನ್ನೂ ಅದೇ ಹೊತ್ತಿನಲ್ಲಿ ಕಲಿತಳು.

*

ಮೂರನೆಯ ಸಲ ನೀರು ಕಾಯುತ್ತಿರುವಾಗ ಅಕ್ಷಯಾ ಫೋನು ತೆಗೆದು ಭ್ರಮರಾಂಬಳಿಗೆ ಕರೆ ಮಾಡಿದಳು.

ಸಿಂಹಾಚಲಕ್ಕೆ ಹೋಗುವ ದಾರಿಯಲ್ಲಿ, ಕುಷ್ಠ ವಾಸಿಯಾದ ಮೇಲೂ ಮನೆಯವರು ಸೇರಿಸಿಕೊಳ್ಳದವರ ಒಂದು ಸಣ್ಣ ಕಾಲೋನಿ ಇದೆ. ವಿಶಾಖಪಟ್ಟಣಕ್ಕೆ ಬಂದ ಮೇಲೆ ಅನ್ನಪೂರ್ಣಮ್ಮ ಹನ್ನೆರಡು ವರ್ಷ ಪ್ರತಿ ಶನಿವಾರ ಬಸ್ಸು ಹತ್ತಿ ಅಲ್ಲಿಗೆ ಹೋಗಿ ಹೆಂಗಸರಿಗೆ ಗೊಂಬೆಗೆ ಬಣ್ಣ ಹಚ್ಚುವುದನ್ನು ಕಲಿಸಿದಳು. ಭ್ರಮರಾಂಬಳ ಬಲಗೈಗೆ ಬೆರಳುಗಳಿಲ್ಲ. ಬ್ರಷ್ಷನ್ನು ಬಟ್ಟೆಯ ಪಟ್ಟಿಯಿಂದ ಮಣಿಕಟ್ಟಿಗೆ ಕಟ್ಟಿಕೊಳ್ಳುವುದನ್ನು ಅವಳಿಗೆ ತೋರಿಸಿಕೊಟ್ಟವಳು ಅನ್ನಪೂರ್ಣಮ್ಮನೇ. ಈಗ ಗೊಂಬೆಯ ಕಣ್ಣು ಬರೆಯುವುದರಲ್ಲಿ ಅವಳನ್ನು ಮೀರಿಸುವವರು ಕಾಲೋನಿಯಲ್ಲಿಲ್ಲ. ಬೆಟ್ಟದ ಕೆಳಗಿನ ಅಂಗಡಿಗಳಲ್ಲಿ ಅವರ ಗೊಂಬೆಗಳು ಮಾರಾಟವಾಗುತ್ತವೆ. ಶಾರದಾ ಮನೆಯ ಷೋಕೇಸಿನಲ್ಲೂ ಅಲ್ಲಿಂದ ತಂದ ದಶಾವತಾರದ ಸೆಟ್ಟಿದೆ. ಯಾರ ಕೈಯದೆಂದು ಅವರು ಕೇಳಿರಲಿಲ್ಲ. ಕೇಳಿದ್ದರೆ ಅದು ಅಲ್ಲಿರುತ್ತಿರಲಿಲ್ಲ.

ಮುಕ್ಕಾಲು ಗಂಟೆಯಲ್ಲಿ ಭ್ರಮರಾಂಬ ಇನ್ನಿಬ್ಬರನ್ನು ಕರೆದುಕೊಂಡು ಆಟೋದಲ್ಲಿ ಬಂದಿಳಿದಳು. ಐವತ್ತರ ಹೆಂಗಸು. ಹಣೆಯಲ್ಲಿ ಕಾಸಗಲ ಕುಂಕುಮ, ಕೊರಳಲ್ಲಿ ತಾಳಿ. ಅವಳು ರ‍್ಯಾಂಪಿನಲ್ಲಿ ಇಳಿದು ಬರುವುದನ್ನು ಕಂಡು ಹನ್ನೊಂದು ಹೆಂಗಸರೂ ಒಟ್ಟಿಗೆ ಹಿಂದೆ ಸರಿದರು. ಯಾರದೋ ಸೊಂಟ ತಾಗಿ ಒಂದು ಕಾರು ಕುಂಯ್ ಕುಂಯ್ ಎಂದು ಕೂಗತೊಡಗಿತು. ಅದನ್ನು ನಿಲ್ಲಿಸುವ ಕೀಲಿ ಯಾರ ಹತ್ತಿರವಿದೆ ಎಂದು ಹುಡುಕಾಟ ಬಿತ್ತು.

"ನಟರಾಜ್ ಅವ್ರs, ಏನ್ರೀ ಇದು?" ಶಾರದಾರ ದನಿ ಕಾರಿನ ಕೂಗನ್ನೂ ಮೀರಿತ್ತು. "ಕುಷ್ಠದವರನ್ನ ಒಳಗ ಬಿಡ್ತೀರೇನು? ನಾವೆಲ್ಲಾ ಇಲ್ಲೇ ನಿಂತೇವಿ!"

"ವಾಸಿಯಾಗಿ ಇಪ್ಪತ್ತು ವರ್ಷ ಆಯ್ತು ಆಂಟಿ," ಎಂದಳು ಅಕ್ಷಯಾ. "ಮುತ್ತೈದೆ ಬೇಕು ಅಂದ್ರಲ್ಲ, ಬಂದಿದಾರೆ. ಅವರ ಗಂಡ ಗಟ್ಟಿಮುಟ್ಟಾಗಿದಾರೆ."

ನಟರಾಜ ಮಗಳ ಹತ್ತಿರ ಬಂದು ದನಿ ತಗ್ಗಿಸಿದರು. "ಅಕ್ಷಯಾ, ಜಗಳ ಬೇಡ. ಅವರ ಕೈಗೆ ಒಂದೊಂದು ಹಾರ ಕೊಡು. ದೂರದಿಂದ ಹಾಕಿ ಹೋಗ್ಲಿ. ಸ್ನಾನದ ಬದಲು ಮೇಲೊಂದಿಷ್ಟು ಪನ್ನೀರು ಚಿಮುಕಿಸಿದ್ರೆ ಆಯ್ತು."

"ಪನ್ನೀರಾ?"

"ಶಾಸ್ತ್ರಕ್ಕೆ ಅಷ್ಟು ಸಾಕು ಮಗಾ. ಎಲ್ಲರಿಗೂ ಅನುಕೂಲ ಆಗುತ್ತೆ."

ಸಿಟ್ಟು ಬಂದರೆ ಅಕ್ಷಯಾಳ ಬಾಯಿಗೆ ಮೊದಲು ಬರುವುದು ತೆಲುಗು. "ಸಿಗ್ಗುಲೇದಾ ಮೀಕು?" ಎಂದು ಅವಳು ಕಿರುಚಿದ್ದು ಸೆಲ್ಲಾರಿನ ಗೋಡೆಗಳಿಗೆಲ್ಲ ಬಡಿಯಿತು. ನಾಚಿಕೆಯಾಗುವುದಿಲ್ಲವೇ ನಿಮಗೆ ಎಂಬುದು ಅರ್ಥವಾಗುವಷ್ಟು ವರ್ಷ ಅಲ್ಲಿದ್ದವರೆಲ್ಲ ಆ ಊರಿನಲ್ಲಿ ಕಳೆದಿದ್ದರು. ಆದರೂ ಎಲ್ಲರೂ ಕಾರಿನ ಕಡೆ ನೋಡಿದರು. ನಟರಾಜ ಕನ್ನಡಕ ತೆಗೆದು ಮತ್ತೆ ಒರೆಸಿದರು.

ಭ್ರಮರಾಂಬ ಯಾರ ಅಪ್ಪಣೆಗೂ ಕಾಯಲಿಲ್ಲ. "ಎಣ್ಣೆ ಎಲ್ಲಿಟ್ಟಿದೀಯ ತಾಯಿ?" ಎಂದು ತೆಲುಗಿನಲ್ಲಿ ಕೇಳುತ್ತಲೇ ಸೀರೆಯ ಮರೆಯನ್ನು ಸರಿಸಿ ಒಳಗೆ ಹೋದಳು.

*

ಮೂರು ವರ್ಷದ ಹಿಂದೆ ದಸರೆಗೆ ಬಳಗದವರು ಸಭಾಭವನದಲ್ಲಿ ಗೊಂಬೆ ಕೂರಿಸಿದ್ದರು. ಧನಂಜಯರಿಗೆ ಎಲ್ಲೋ ಓದಿ ಹೊಸ ಹುಮ್ಮಸ್ಸು ಬಂದಿತ್ತು. ಒಂದು ಮೆಟ್ಟಿಲನ್ನು 'ಎಲ್ಲರನ್ನೂ ಒಳಗೊಳ್ಳುವ ಕಲೆ' ಎಂದು ಮೀಸಲಿಟ್ಟು, ಅದಕ್ಕೆ ಗೊಂಬೆ ಮಾಡಿಕೊಡಲು ಅನ್ನಪೂರ್ಣಮ್ಮನನ್ನು ಕೇಳಿದರು. ಬ್ಯಾನರು ಗೊಂಬೆಗಿಂತ ಮೊದಲೇ ತಯಾರಾಯಿತು.

ಆರು ವಾರ ಅವಳು ಊಟದ ಮೇಜಿನ ಮೇಲೆ ಅದನ್ನೇ ಹರಡಿಕೊಂಡು ಕೂತಳು. ಮೀನು ಮಾರುವವಳು, ಬಂದರಿನ ಗೇಟಿನಲ್ಲಿ ಕೂರುವ ಒಂಟಿಕಾಲಿನ ಕಾವಲುಗಾರ, ಮಣಿಕಟ್ಟಿಗೆ ಬ್ರಷ್ ಕಟ್ಟಿಕೊಂಡ ಭ್ರಮರಾಂಬ, ಹೀಗೆ ಎಂಟು. ಒಂಬತ್ತನೆಯದು ಹಸಿರು ಸೀರೆಯ ಒಬ್ಬ ಗೃಹಿಣಿ. ಅವಳ ಕೈ ಮತ್ತು ಮುಖದ ಮೇಲೆ ಸುಣ್ಣದ ಬಿಳುಪನ್ನು ಅಲ್ಲಲ್ಲಿ ಹಾಗೆಯೇ ಬಿಟ್ಟು, ಸುತ್ತ ಕಂದು ಬಣ್ಣವನ್ನು ಕೂದಲೆಳೆಯಷ್ಟು ನಾಜೂಕಾಗಿ ಎಳೆದಿದ್ದಳು. "ನಾನು ಹೀಗೆ ಕಾಣ್ತೀನಾ?" ಎಂದು ಮಗಳನ್ನು ಕೇಳಿದಳು. "ಇದಕ್ಕಿಂತ ಚೆನ್ನಾಗಿ," ಎಂದಳು ಅಕ್ಷಯಾ. ಆ ಆರು ವಾರ ಅಮ್ಮ ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಿದ್ದಳು. ಅಷ್ಟು ಸಂತೋಷವಾಗಿ ಅವಳನ್ನು ಮಗಳು ಎಂದೂ ಕಂಡಿರಲಿಲ್ಲ.

ಉದ್ಘಾಟನೆಯ ಸಂಜೆ ಹೋಗಿ ನೋಡಿದರೆ ಒಂಬತ್ತನೆಯ ಗೊಂಬೆ ಪೂರ್ತಿ ಕಂದಾಗಿತ್ತು. ಬಣ್ಣ ಇನ್ನೂ ಹಸಿಯಿತ್ತು.

"ಅಲ್ಲಲ್ಲೆ ಬಣ್ಣ ಎದ್ದು ಹೋಗಿತ್ತುರೀ," ಎಂದು ಶಾರದಾ ಸಂಭ್ರಮದಿಂದ ಹೇಳಿದರು. "ಪಾಪ, ಗಡಿಬಿಡ್ಯಾಗ ನಿಮಗ ಬಿಟ್ಟು ಹೋಗಿರಬೇಕು ಅಂತ ನಾವs ಕೂತು ಟಚಪ್ ಮಾಡೇವಿ. ಈಗ ನೋಡ್ರಿ, ಎಷ್ಟು ಛಂದ ಕಾಣಸ್ತದ!"

ಬೇಕೆಂದು ಮಾಡಿದ್ದಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಅವರಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ಎದುರಿಗೆ ನಿಂತಿದ್ದವಳ ಮುಖ ನೋಡಿಯೂ ಗೊತ್ತಾಗಲಿಲ್ಲ, ಏಕೆಂದರೆ ಆ ಮುಖವನ್ನು ಅವರು ಯಾವತ್ತೂ ನೋಡಿರಲಿಲ್ಲ, ನೋಡದಿರುವುದನ್ನೇ ಅಭ್ಯಾಸ ಮಾಡಿಕೊಂಡಿದ್ದರು. ಅನ್ನಪೂರ್ಣಮ್ಮ "ಥ್ಯಾಂಕ್ಸ್ ಶಾರದಾ" ಎಂದಳು. ಮನೆಗೆ ಬರುವಾಗ ನಟರಾಜ, "ಒಳ್ಳೇ ಮನಸ್ಸಿಂದಲೇ ಮಾಡಿದಾರೆ, ಬಿಡು," ಎಂದರು.

ಹಬ್ಬ ಮುಗಿದು ಗೊಂಬೆ ವಾಪಸು ಬಂದ ಮೇಲೆ ಅವಳು ಚಾಕುವಿನ ಮೊನೆಯಿಂದ ಆ ಬಣ್ಣ ಕೆರೆಯಲು ಕೂತಳು. ಬಣ್ಣದ ಜೊತೆ ಸುಣ್ಣವೂ ಎದ್ದು ಬಂತು, ಕಣ್ಣು ಮೂಗು ಎಲ್ಲ ಹೋಗಿ ಬರೀ ಮರ ಉಳಿಯಿತು. ಅವಳು ಮತ್ತೆಂದೂ ಬಳಗಕ್ಕೆ ಹೋಗಲಿಲ್ಲ.

*

ಭ್ರಮರಾಂಬ ಬೆರಳಿಲ್ಲದ ಅಂಗೈಯನ್ನು ಎಣ್ಣೆಯ ಬಟ್ಟಲಿಗೆ ಒತ್ತಿ, ಅನ್ನಪೂರ್ಣಮ್ಮನ ಭುಜದಿಂದ ಮುಂಗೈವರೆಗೆ ನೀವಿದಳು. ಅವಸರ ಮಾಡಲಿಲ್ಲ. ಶನಿವಾರದ ಹಾಗೆಯೇ ಮಾತಾಡುತ್ತಿದ್ದಳು. ಹೊಸ ಮರದಲ್ಲಿ ಗಂಟು ಜಾಸ್ತಿಯಂತೆ, ಕೆಂಪು ಬಣ್ಣ ಈ ಸಲ ಸರಿ ಬಂದಿಲ್ಲವಂತೆ, ರಾಜು ಅಂಗಡಿಯವನು ಆನೆ ಅಂಬಾರಿ ಹೆಚ್ಚು ಕೇಳುತ್ತಿದ್ದಾನಂತೆ. ಅಕ್ಷಯಾ ನೀರು ಹೊಯ್ದಳು. ಕಂದು ಚರ್ಮದ ಮೇಲೆ ಅರಿಸಿನ ಮಂಕಾಗಿತ್ತು, ಬಿಳಿಯ ಮೇಲೆ ಹಳದಿಯಾಗಿ ಹೊಳೆಯಿತು. ಅವಳಿಗೆ ಆ ದಿನ ಮೊದಲ ಸಲ ಅಳು ಬಂತು.

ರೇಷ್ಮೆ ಸೀರೆ ಉಡಿಸುವಾಗ ಮರೆಯ ಸಂದಿಯಿಂದ ಒಂದು ಕೈ ಒಳಬಂದು ಝಿಪ್ಪಿನ ಮೇಕಪ್ ಚೀಲವೊಂದನ್ನು ನೀಡಿತು. ಹಿಂದೆಯೇ ಶಾರದಾರ ಪಿಸುದನಿ. "ಮುಖಕ್ಕಷ್ಟ ಹಚ್ಚವಾ. ಪಾರ್ಲರಿನಾಕಿ ಕಡೆ ಶೇಡ್ ನೋಡಿ ತಂದೇನಿ. ಜನಾ ನೋಡ್ತಾರ."

ಅಕ್ಷಯಾ ಚೀಲ ಇಸಕೊಂಡಳು. ಅರಿಸಿನ ನೀರು ಹರಿದು ನಿಂತಿದ್ದ ಗುಂಡಿಗೆ ಅದನ್ನು ಕೈಬಿಟ್ಟಳು. "ಆಯ್ತು ಆಂಟಿ," ಎಂದಳು.

ಮರೆ ತೆಗೆದು, ಅನ್ನಪೂರ್ಣಮ್ಮನನ್ನು ಬೆಂಚಿನಿಂದ ನೆಲದ ಮೇಲಿನ ಚಟ್ಟಕ್ಕೆ ಇಳಿಸಿದರು. ಧನಂಜಯ ಎರಡೇ ಮಾತು ಎಂದು ಶುರುಮಾಡಿ ಹತ್ತು ನಿಮಿಷ ಮಾತಾಡಿದರು. "ಸಮಾಜ ದೂರ ಇಟ್ಟವರನ್ನ ಕಲೆಯ ಮೂಲಕ ಹತ್ತಿರ ತಂದ ಮಹಾತಾಯಿ ಅವರು. ನಮ್ಮ ಬಳಗ ಅವರನ್ನ ಯಾವತ್ತೂ ಮನೀ ಮಗಳ ಹಂಗ ಕಂಡದ. ಅವರ ಹೆಸರಿನ್ಯಾಗ ವರ್ಷಾ ಗೊಂಬೆ ಪ್ರದರ್ಶನ ಮಾಡ್ತೇವಿ." ಬಾಯಿಗೆ ಬಂದದ್ದೆಲ್ಲ ಮಾತಾಗುವ ಹಾಗಿದ್ದರೆ ನಾಲಿಗೆಗೆ ಯಾಕೆ ಹಲ್ಲಿನ ಬೇಲಿ ಹಾಕಬೇಕಿತ್ತೋ. ಕನ್ನಡ ಬಾರದ ಭ್ರಮರಾಂಬ, ಅನ್ನಪೂರ್ಣಮ್ಮ ಎಂಬ ಹೆಸರು ಬಂದಾಗಲೆಲ್ಲ ಹೌದೌದೆಂದು ತಲೆಯಾಡಿಸಿದಳು.

ಆಮೇಲೆ ನಡೆದದ್ದನ್ನು ಅಕ್ಷಯಾ ನಿರೀಕ್ಷಿಸಿರಲಿಲ್ಲ. ಬೆಳಗಿನಿಂದ ಹಿಂದೆ ಹಿಂದೆ ಸರಿಯುತ್ತಿದ್ದ ಹೆಂಗಸರು ಚಟ್ಟದ ಸುತ್ತ ಮುಗಿಬಿದ್ದರು.

"ಮುತ್ತೈದಿ ಸಾವು. ಪುಣ್ಯವಂತಿ," ಎಂದರು ಶಾರದಾ. "ಹಣಿ ಮ್ಯಾಲಿನ ಕುಂಕುಮ ಒಂದೀಟು ಬೇಕವಾ. ಮನ್ಯಾಗಿಟ್ರ ಸೌಭಾಗ್ಯ."

ಅವರು ಮಂಡಿಯೂರಿ ಕುಳಿತರು. ಮಣಕಾಲು ಒಂದು ಮಾತೂ ಆಡಲಿಲ್ಲ. ಪರ್ಸಿನಿಂದ ಟಿಶ್ಯೂ ತೆಗೆದು ನಾಲ್ಕು ಮಡಿಕೆ ಮಾಡಿ, ಚರ್ಮ ತಾಗದ ಹಾಗೆ ಅನ್ನಪೂರ್ಣಮ್ಮನ ಹಣೆಯಿಂದ ಕುಂಕುಮ ಒರೆಸಿಕೊಂಡು, ಮಡಚಿ ಪರ್ಸಿನೊಳಗಿಟ್ಟರು. ಹಿಂದಿನವರು ಕೈ ಚಾಚಿದರು, ಟಿಶ್ಯೂ ಪ್ಯಾಕೆಟ್ಟು ಕೈಯಿಂದ ಕೈಗೆ ಹೋಯಿತು. ಮೂವರು ಒರೆಸುವಷ್ಟರಲ್ಲಿ ಹಣೆ ಬರಿದಾಯಿತು. ಭ್ರಮರಾಂಬ ಮೊಂಡುಗೈಯಿಂದ ಮತ್ತೆ ಇಟ್ಟಳು. ಅವರು ಮತ್ತೆ ಒರೆಸಿಕೊಂಡರು. ಹೆಣದ ತಲೆ ಅಲ್ಲಾಡುತ್ತಿತ್ತು. ಅಕ್ಷಯಾ ಅದು ಅಲ್ಲಾಡದಂತೆ ಎರಡೂ ಕೈಯಿಂದ ಹಿಡಿದುಕೊಂಡಳು.

ಕೊನೆಗೆ ಬಾಯಿಗೆ ಅಕ್ಕಿ ಹಾಕಲು ನಟರಾಜರನ್ನು ಕರೆದರು. ಅವರು ನಿಂತೇ ಬಗ್ಗಿ ಕಾಳು ಉದುರಿಸಿದರು. ಹಿಂದಕ್ಕೆ ಸರಿಯುವಾಗ ತಲೆಯ ಬಳಿ ಕೂತು ಕೆದರಿದ ಕೂದಲನ್ನು ಸವರಿ ಸರಿಮಾಡುತ್ತಿದ್ದ ಭ್ರಮರಾಂಬ ಕಣ್ಣಿಗೆ ಬಿದ್ದಳೇನೋ. ಏನನ್ನಿಸಿತೋ, ನೆಲದ ಮೇಲೆ ಕುಳಿತರು. ಹೆಂಡತಿಯ ಬಲಗೈಯನ್ನು ಎತ್ತಿ ತಮ್ಮ ಅಂಗೈಯಲ್ಲಿಟ್ಟುಕೊಂಡರು. ಬೆರಳುಗಳನ್ನು ಮುಚ್ಚಿ ಹಿಡಿದರು. "ಅನ್ನೂ," ಎಂದರು. ಆ ಹೆಸರನ್ನು ಅಕ್ಷಯಾ ಅವರ ಬಾಯಿಂದ ಕೇಳಿರಲೇ ಇಲ್ಲ. ಇಷ್ಟಾದರೂ ಆಯಿತಲ್ಲ ಎಂದುಕೊಂಡಳು.

ಅನ್ನಪೂರ್ಣಮ್ಮನನ್ನು ವೈಕುಂಠ ರಥದ ವ್ಯಾನಿಗೆ ಏರಿಸಿದರು. ಅಕ್ಷಯಾ ಹತ್ತಿ ತಲೆಯ ಹತ್ತಿರ ಕೂತಳು. ಹೊರಗೆ ಶಾರದಾ ಪರ್ಸಿನಿಂದ ಸ್ಯಾನಿಟೈಸರಿನ ಸಣ್ಣ ಬಾಟಲಿ ತೆಗೆದು ಅಂಗೈಗೆ ಎರಡು ಸಲ ಒತ್ತಿಕೊಂಡು ಪಕ್ಕದವರಿಗೆ ಕೊಟ್ಟರು. ಅವರು ಅವರ ಪಕ್ಕದವರಿಗೆ. ಸೆಲ್ಲಾರಿನಲ್ಲಿ ಊದುಬತ್ತಿಯ ವಾಸನೆ ಅಡಗಿ ಸ್ಪಿರಿಟ್ಟಿನ ವಾಸನೆ ಎದ್ದಿತು. ಬಾಟಲಿ ಸಾಲಿನ ಕೊನೆಗೆ ಬಂದಾಗ ಅಲ್ಲಿ ನಟರಾಜ ನಿಂತಿದ್ದರು. ಅವರು ಅದರ ಕಡೆ ತಿರುಗಿಯೂ ನೋಡಲಿಲ್ಲ. ಸ್ಮಶಾನದಲ್ಲಿ ಎಷ್ಟು ಹೊತ್ತಿಗೆ ಸ್ಲಾಟು ಎಂದು ಧನಂಜಯರನ್ನು ಕೇಳುತ್ತಲೇ ಬಲಗೈ ಚಾಚಿದರು. ಯಾರೋ ಎರಡು ಸಲ ಒತ್ತಿದರು. ಅವರು ಎಡಗೈಯನ್ನೂ ಸೇರಿಸಿ, ಬೆರಳ ಸಂದಿಗಳಿಗೂ ಉಗುರುಗಳಿಗೂ ತಾಗುವ ಹಾಗೆ, ಎಷ್ಟೋ ವರ್ಷಗಳ ರೂಢಿಯ ನಿಧಾನದಲ್ಲಿ ಉಜ್ಜಿಕೊಂಡರು.

ಅಕ್ಷಯಾ ಕೈ ಚಾಚಿ ಭ್ರಮರಾಂಬಳನ್ನು ವ್ಯಾನಿನೊಳಗೆ ಎಳೆದುಕೊಂಡಳು. ಉಳಿದಿಬ್ಬರೂ ಹತ್ತಿದರು. "ಪದಂಡಿ," ಎಂದಳು ಡ್ರೈವರಿಗೆ, ಹೊರಡಿ ಎಂದು.

"ಸಾರ್ ಇನ್ನೂ ಹತ್ತಿಲ್ಲ..."

"ಪದಂಡಿ."

ವ್ಯಾನು ಸೆಲ್ಲಾರಿನ ರ‍್ಯಾಂಪು ಏರತೊಡಗಿತು. ಹಿಂದಿನ ಗಾಜಿನಲ್ಲಿ ಅಕ್ಷಯಾ ನೋಡಿದಳು. "ಏಯ್, ನಿಲ್ಸಿ, ನಿಲ್ಸಿ," ಎಂದು ಅಪ್ಪ ಓಡಿ ಬರುತ್ತಿದ್ದರು, ಇನ್ನೂ ಆರದ ಎರಡು ಕೈಗಳನ್ನೂ ಏನಕ್ಕೂ ತಾಗದಂತೆ ಎದೆಯ ಮುಂದೆ ಎತ್ತಿ ಹಿಡಿದುಕೊಂಡು.